ಎಲ್ಲವನ್ನೂ 35ರಿಂದ ಭಾಗಿಸಿ: ಟ್ಯಾಂಕ್ ಮಾಡೆಲ್ ಆಟಿಕೆಯಂತೆ ಕಾಣುವುದೇಕೆ?

ಪ್ರಶ್ನೆ: 1/35 ಅಳತೆಯ ಟಿ-34/85 (ಎರಡನೇ ಮಹಾಯುದ್ಧದ ಸೋವಿಯತ್ ಟ್ಯಾಂಕ್) ನನ್ನ ಮೂರನೇ ಪ್ಲಾಸ್ಟಿಕ್ ಮಾಡೆಲ್ ಕಿಟ್. ಜೋಡಣೆ ಅಚ್ಚುಕಟ್ಟಾಗಿಯೇ ಬಂತು. ಬಾಟಲಿಯ ಅಕ್ರಿಲಿಕ್ ಹಸಿರನ್ನು ಏರ್‌ಬ್ರಷ್‌ನಲ್ಲಿ ಹೊಡೆದೆ. ಇಡೀ ಟ್ಯಾಂಕಿಗೆ ಕಪ್ಪು ವಾಶ್ (ಸಂದುಗಳಿಗೆ ಇಳಿಯುವ ತೆಳು ಬಣ್ಣ) ಕೊಟ್ಟೆ, ಅಂಚುಗಳಿಗೆಲ್ಲ ಬೆಳ್ಳಿ ಬಣ್ಣದ ಡ್ರೈ ಬ್ರಷ್ (ಹೆಚ್ಚುಕಡಿಮೆ ಒಣಗಿದ ಬ್ರಷ್ಷಿನಿಂದ ಉಬ್ಬುಗಳಿಗೆ ಸವರುವುದು) ಮಾಡಿದೆ, ಚಕ್ರಗಳ ಸುತ್ತ ಓಡುವ ಟ್ರ್ಯಾಕ್‌ಗೆ ತುಕ್ಕಿನ ಬಣ್ಣ ಬಳಿದೆ. ಮುಗಿದ ಮೇಲೆ ನೋಡಿದರೆ ಕೊಳೆಯಾದ ಆಟಿಕೆಯಂತಿದೆ, ನಿಜವಾದ ಟ್ಯಾಂಕಿನ ತೂಕ ಕಾಣುತ್ತಲೇ ಇಲ್ಲ. ಟರೆಟ್ (ಫಿರಂಗಿ ಇರುವ, ತಿರುಗುವ ಮೇಲ್ಭಾಗ) ಮೇಲಿನ ನಂಬರಿನ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ಸುತ್ತ ಸೆಲ್ಲೋಟೇಪ್ ಅಂಟಿಸಿದಂತೆ ಮಿಂಚುತ್ತದೆ. ಬಣ್ಣ ಪೂರ್ತಿ ತೆಗೆದು ಮತ್ತೆ ಶುರು ಮಾಡಬೇಕೇ? ಹಿತ್ತಾಳೆಯ ಫೋಟೋ-ಎಚ್ಡ್ ಸೆಟ್ (ತೆಳು ತಗಡಿನಲ್ಲಿ ಕೊರೆದ ಸೂಕ್ಷ್ಮ ಬಿಡಿಭಾಗಗಳು) ಕೊಂಡರೆ ಸರಿಹೋದೀತೇ?

ಉತ್ತರ: ಬಣ್ಣ ತೆಗೆಯಬೇಡಿ. ಸೆಟ್ಟನ್ನೂ ಸದ್ಯಕ್ಕೆ ಕೊಳ್ಳಬೇಡಿ. ನೀವು ಬರೆದಿದ್ದನ್ನು ಓದಿದರೆ ನಿಮ್ಮ ಕೈಗೆಲಸದಲ್ಲಿ ತಪ್ಪು ಕಾಣುವುದಿಲ್ಲ, ಲೆಕ್ಕದಲ್ಲಿ ಕಾಣುತ್ತದೆ. ಟ್ಯಾಂಕು 35 ಪಟ್ಟು ಚಿಕ್ಕದಾಯಿತು. ಅದರ ಮೇಲಿನ ಗೀರು, ಕೊಳೆ, ತುಕ್ಕು ಮಾತ್ರ ಚಿಕ್ಕದಾಗಲೇ ಇಲ್ಲ.

ಒಂದು ಅಳತೆಪಟ್ಟಿ ತೆಗೆದುಕೊಳ್ಳಿ. ಮಾಡೆಲ್ ಮೇಲಿನ 1 ಮಿ.ಮೀ. ಅಂದರೆ ನಿಜದ ಟ್ಯಾಂಕಿನ ಮೇಲೆ 3.5 ಸೆಂ.ಮೀ. ನಿಮ್ಮ ಬೆಳ್ಳಿ ಅಂಚು ಅರ್ಧ ಮಿ.ಮೀ. ಅಗಲವಿದ್ದರೂ ಅಲ್ಲಿ ಒಂದು ಬೆರಳಗಲದ ಪಟ್ಟಿಯಾಗುತ್ತದೆ. ಅಷ್ಟಗಲಕ್ಕೆ ಬಣ್ಣ ಕಿತ್ತುಹೋಗಿ, ಒಳಗಿನ ಉಕ್ಕು ಪಾತ್ರೆ ತೊಳೆದಂತೆ ಫಳಫಳ ಹೊಳೆಯುತ್ತ, ಅದೂ ಟ್ಯಾಂಕಿನ ಒಂದು ಅಂಚನ್ನೂ ಬಿಡದೆ ಒಂದೇ ಸಮನೆ: ಯಾವ ಯುದ್ಧದ ಫೋಟೋದಲ್ಲಿ ಹೀಗೆ ನೋಡಿದ್ದೀರಿ? ಕಣ್ಣಿಗೆ ಈ ಲೆಕ್ಕ ಗೊತ್ತು, ನಮಗೆ ಗೊತ್ತಿಲ್ಲದಿದ್ದರೂ. ಅದಕ್ಕೇ ಅದು ನೋಡಿದ ತಕ್ಷಣ "ಆಟಿಕೆ" ಎಂದುಬಿಡುತ್ತದೆ.

(ಅಂದಹಾಗೆ, 1/35 ಎಂಬ ಈ ವಿಚಿತ್ರ ಸಂಖ್ಯೆಯನ್ನು ಯಾರೂ ಕೂತು ಯೋಚಿಸಿ ಆರಿಸಿದ್ದಲ್ಲ. 1960ರ ದಶಕದ ಆರಂಭದಲ್ಲಿ ಜಪಾನಿನ ತಮಿಯಾ ಕಂಪನಿ ತನ್ನ ಪ್ಯಾಂಥರ್ ಟ್ಯಾಂಕ್ ಕಿಟ್ಟನ್ನು ಒಳಗೆ ಮೋಟಾರು, ಬ್ಯಾಟರಿ ಹಿಡಿಸುವಷ್ಟು ದೊಡ್ಡದಾಗಿ ಮಾಡಿತು. ಆಮೇಲೆ ಲೆಕ್ಕ ಹಾಕಿದರೆ ಅದು 1/35ರ ಆಸುಪಾಸಿನಲ್ಲಿತ್ತು. ಜಗತ್ತು ಅದನ್ನೇ ಹಿಡಿದುಕೊಂಡು ಹೊರಟಿತು.)

ಬಣ್ಣಕ್ಕೆ ಮೊದಲು ಪ್ಲಾಸ್ಟಿಕ್ಕಿನ ಮಾತು. ಮಾಡೆಲ್ ಹಗುರವಾಗಿ ಕಾಣಲು ಅರ್ಧ ಕಾರಣ ದಪ್ಪ ಇರಬಾರದ ಕಡೆ ದಪ್ಪ ಇರುವುದು. ಟಿ-34ರ ಒಡಲಿನ ಮುಂಭಾಗದ ಕವಚ 45 ಮಿ.ಮೀ., ಅಂದರೆ ನಿಮ್ಮ ಮಾಡೆಲ್‌ನಲ್ಲಿ 1.3 ಮಿ.ಮೀ.ಗಿಂತ ತುಸು ಕಡಿಮೆ. ಈಗ ಮಡ್‌ಗಾರ್ಡ್ ಅಂಚನ್ನು ಅಳೆದು ನೋಡಿ. ಸಾಮಾನ್ಯವಾಗಿ ಒಂದು ಮಿ.ಮೀ.ಗೆ ಹತ್ತಿರವಿರುತ್ತದೆ. ಬರೀ ತಗಡಿನ ಮಡ್‌ಗಾರ್ಡ್ ಮುಂಭಾಗದ ಕವಚದ ಜೊತೆ ಪೈಪೋಟಿಗೆ ನಿಂತ ಹಾಗಾಯಿತು! ಎರಡು ಮಿ.ಮೀ. ತಗಡನ್ನು 35ರಿಂದ ಭಾಗಿಸಿದರೆ ಕಾಗದಕ್ಕಿಂತ ತೆಳುವಾಗುತ್ತದೆ. ಅಷ್ಟು ತೆಳುವಾಗಿ ಪ್ಲಾಸ್ಟಿಕ್ ನಿಲ್ಲುವುದಿಲ್ಲ, ನಿಲ್ಲುವ ಅಗತ್ಯವೂ ಇಲ್ಲ. ಕಾಣುವುದು ಅಂಚು ಮಾತ್ರ. ಕೆಳಗಿನಿಂದ, ಅಂಚಿನಿಂದ ನಾಲ್ಕೈದು ಮಿ.ಮೀ. ಒಳಗಿನವರೆಗೆ ಅರದಿಂದ ಓರೆಯಾಗಿ ತೇಯಿರಿ, ಕೊನೆಗೆ 600ರ ಉಪ್ಪು ಕಾಗದ. ಬೆಳಕಿಗೆ ಹಿಡಿದರೆ ಅಂಚು ಅರೆಪಾರದರ್ಶಕ ಅನ್ನಿಸಿದಾಗ ನಿಲ್ಲಿಸಿ. ಆಮೇಲೆ ಮುಂದಿನ ಒಂದು ಮೂಲೆಯನ್ನು ಚಪ್ಪಟೆ ಇಕ್ಕಳದಲ್ಲಿ ಹಿಡಿದು ಸ್ವಲ್ಪವೇ ತಿರುಚಿ. ಅಡ್ಡ ಬಂದ ಗೋಡೆಗೋ ಮರಕ್ಕೋ ತಗುಲಿ ನೆಗ್ಗಿದ ಹಾಗೆ. ಒಂದು ನೆಗ್ಗು ಸಾಕು. ನಾಲ್ಕೂ ಮೂಲೆ ನೆಗ್ಗಿದರೆ ಮತ್ತೆ ನಾಟಕ ಅನ್ನಿಸುತ್ತದೆ.

ಬಣ್ಣ ಹೊಡೆದಾದ ಮೇಲೂ ಮಾಡಬಹುದಾದ ಇನ್ನೂ ಮೂರು ಕೆಲಸಗಳಿವೆ, ಮೂರಕ್ಕೂ ಸೆಟ್ ಬೇಡ. ಮೊದಲನೆಯದು ಹಿಡಿಕೆಗಳು. ಟಿ-34ರ ಮೈತುಂಬ ಹಿಡಿಕೆ, ಏಕೆಂದರೆ ಪದಾತಿ ಸೈನಿಕರು ಟ್ಯಾಂಕಿನ ಮೇಲೆಯೇ ಕೂತು ಸಾಗುತ್ತಿದ್ದರು. ಕಿಟ್‌ನ ಹಿಡಿಕೆಗಳಲ್ಲಿ ಅಚ್ಚಿನ ಗೆರೆ ಉಳಿದಿರುತ್ತದೆ. ಕತ್ತರಿಸಿ, 0.5 ಮಿ.ಮೀ. ತಾಮ್ರದ ತಂತಿ ಹಾಕಿ. ಎರಡನೆಯದು ಎಳೆಯುವ ಹಗ್ಗ, ಅಂದರೆ ಟೋ ಕೇಬಲ್. ಹಳೆಯ ವಿದ್ಯುತ್ ವೈರಿನೊಳಗಿನ ಎಳೆಗಳನ್ನು ಬಿಗಿಯಾಗಿ ಹುರಿ ಮಾಡಿದರೆ ಯಾವ ಪ್ಲಾಸ್ಟಿಕ್ಕೂ ಅದರ ಹತ್ತಿರ ಬಾರದು. ಕಿಟ್‌ನ ಕೊನೆಯ ಕೊಕ್ಕೆಗಳನ್ನು ಉಳಿಸಿಕೊಂಡು, ಅವಕ್ಕೆ ತೂತು ಕೊರೆದು ಸೇರಿಸಿ. ಮೂರನೆಯದು ಫಿರಂಗಿಯ ಬಾಯಿ. 85 ಮಿ.ಮೀ. ನಳಿಕೆಯ ತೂತು ನಿಮ್ಮಲ್ಲಿ 2.4 ಮಿ.ಮೀ. ಇರಬೇಕು. ಅಷ್ಟು ಅಗಲಕ್ಕೆ, ಒಂದು ಸೆಂ.ಮೀ. ಆಳಕ್ಕೆ ಕೈಡ್ರಿಲ್ಲಿನಿಂದ ಕೊರೆಯಿರಿ, ನಳಿಕೆಯ ತುಟಿ ತೆಳುವಾಗಲಿ. ನೋಡುವವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ಟರೆಟ್ ಬಗ್ಗೆ ಒಂದು ಎಚ್ಚರಿಕೆ. ಈ ಟ್ಯಾಂಕಿನ ಟರೆಟ್ ಎರಕ ಹೊಯ್ದದ್ದು, ಅದರ ಛಾವಣಿ ಮಾತ್ರ ಬೇರೆ ತಟ್ಟೆ, ಬೆಸುಗೆ ಹಾಕಿದ್ದು. ಅಚ್ಚಿನ ಎರಡು ಭಾಗಗಳು ಸೇರಿದ ಕಡೆ ನಿಜದ ಟರೆಟ್‌ನಲ್ಲೂ ಉಬ್ಬಿದ ಗೆರೆಯೊಂದು ಇರುತ್ತದೆ. ಕಿಟ್ ತಯಾರಕರು ಅದನ್ನು ಬೇಕೆಂದೇ ಕೊಟ್ಟಿರುತ್ತಾರೆ, ನಾವು ಪ್ಲಾಸ್ಟಿಕ್ಕಿನ ದೋಷ ಎಂದುಕೊಂಡು ನಿಷ್ಠೆಯಿಂದ ತೇಯ್ದುಹಾಕುತ್ತೇವೆ. ನೀವು ಈಗಾಗಲೇ ತೇಯ್ದಿದ್ದರೆ ಚಿಂತೆಯಿಲ್ಲ. ಸ್ಪ್ರೂ (ಕಿಟ್‌ನ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಬಿಸಿ ಮಾಡಿ ಹಿಗ್ಗಿಸಿದ ಎಳೆಯೊಂದನ್ನು ಅಂಟಿಸಿ, ದ್ರವ ಅಂಟಿನಿಂದ ಮೆತ್ತಗೆ ಮಾಡಿ ತಟ್ಟಿದರೆ ಮತ್ತೆ ಬರುತ್ತದೆ. ಎರಕದ ಒರಟು ಮೈ ಬೇಕಿದ್ದರೆ ಗಟ್ಟಿ ಪ್ರೈಮರನ್ನು ಸವೆದ ಬ್ರಷ್ಷಿನಿಂದ ಚುಚ್ಚಿ ಚುಚ್ಚಿ ಹಚ್ಚಿ, ಒಣಗಿದ ಮೇಲೆ ತುದಿಗಳನ್ನು ಉಪ್ಪು ಕಾಗದದಲ್ಲಿ ಸವರಿ. ಹಲ್‌ನ, ಅಂದರೆ ಟ್ಯಾಂಕಿನ ಕೆಳ ಒಡಲಿನ, ತಟ್ಟೆಗಳಿಗೆ ಇದನ್ನು ಮಾಡಬೇಡಿ, ಅವು ರೋಲಿಂಗ್ ಗಿರಣಿಯಿಂದ ಬಂದವು, ನುಣುಪಾಗಿರಬೇಕು. ಒರಟು ಟರೆಟ್, ನುಣುಪು ಹಲ್: ಒಂದರ ಪಕ್ಕ ಒಂದು ನಿಂತಾಗಲೇ ಎರಡೂ ಲೋಹ ಅನ್ನಿಸುವುದು.

ಈಗ ಬಣ್ಣ. ಸೋವಿಯತ್ ಟ್ಯಾಂಕುಗಳ ಆ ಹಸಿರಿಗೆ 4ಬಿಒ ಎಂದು ಹೆಸರು. ಅದರ ಸರಿಯಾದ ಛಾಯೆ ಯಾವುದು ಎಂಬ ಜಗಳ ಇನ್ನೂ ಮುಗಿದಿಲ್ಲ, ನಾನಂತೂ ಅದರಲ್ಲಿ ಇಳಿಯುವುದಿಲ್ಲ. ಬೇರೆ ಬೇರೆ ಕಾರ್ಖಾನೆ, ಯುದ್ಧದ ಅವಸರ, ಬಿಸಿಲು, ಹಿಮ. ಒಂದೇ ಹಸಿರು ಉಳಿದಿದ್ದರೆ ಅದೇ ಆಶ್ಚರ್ಯ. ನಿಮ್ಮ ತೊಂದರೆ ಬೇರೆಯದು. ಬಾಟಲಿಯ ಬಣ್ಣ ನಿಜದ ಟ್ಯಾಂಕಿನ ಬಣ್ಣಕ್ಕೆ ಹೊಂದಿದ್ದರೆ ಮಾಡೆಲ್ ಮೇಲೆ ಕಪ್ಪಾಗಿ ಕಾಣುತ್ತದೆ. ದೂರದ ಗುಡ್ಡ ಮಸುಕಾಗಿ ಕಾಣುವ ಹಾಗೆ, ದೂರದ ಟ್ಯಾಂಕೂ ತಿಳಿಯಾಗಿಯೇ ಕಾಣುವುದು. ಅಂಗೈ ಮೇಲಿನ ಮಾಡೆಲನ್ನು ನಾವು ನೋಡುವುದು ದೂರದ ಟ್ಯಾಂಕನ್ನು ನೋಡಿದ ಹಾಗೆ. ಅದಕ್ಕೆ ಬಣ್ಣವನ್ನು ತಿಳಿ ಮಾಡಬೇಕು. ಬಿಳಿ ಬೆರೆಸಬೇಡಿ, ಹಸಿರು ಸುಣ್ಣ ಬಳಿದಂತಾಗುತ್ತದೆ. ಮರಳಿನ ಹಳದಿ ಅಥವಾ ಬಫ್ (ತಿಳಿ ಹಳದಿಗಂದು) ಬೆರೆಸಿ, ನಾಲ್ಕು ಹನಿ ಹಸಿರಿಗೆ ಒಂದು ಹನಿಯಿಂದ ಶುರು ಮಾಡಿ.

ಹಳೆಯ ಬಣ್ಣ ತೆಗೆಯಬೇಡಿ ಎಂದದ್ದು ಇದಕ್ಕೇ. ನಿಮ್ಮ ಕಪ್ಪು ವಾಶ್ ಈಗ ಸಂದುಗಳಲ್ಲಿ ಕೂತಿದೆಯಲ್ಲ, ಅದು ಹೊಸ ಬಣ್ಣದ ಕೆಳಗೆ ನೆರಳಾಗುತ್ತದೆ. ತಿಳಿ ಹಸಿರನ್ನು ಒಂದು ಪಾಲು ಬಣ್ಣಕ್ಕೆ ಎರಡು ಪಾಲು ತಿನ್ನರ್ ಸೇರಿಸಿ ನೀರು ಹಾಲಿನಷ್ಟು ತೆಳು ಮಾಡಿ. ಗಾಳಿಯ ಒತ್ತಡ ಒಂದು ಬಾರ್ ಆಸುಪಾಸು, ಏರ್‌ಬ್ರಷ್‌ನ ಮೂತಿ ಏಳೆಂಟು ಸೆಂ.ಮೀ. ದೂರ. ಆಕಾಶಕ್ಕೆ ಮುಖ ಮಾಡಿದ ಭಾಗಗಳಿಗೆ, ಅಂದರೆ ಟರೆಟ್ ಛಾವಣಿ, ಎಂಜಿನ್ ಮೇಲಿನ ತಟ್ಟೆ, ಓರೆಯ ಮುಂಭಾಗದ ಮೇಲರ್ಧಕ್ಕೆ ಹೆಚ್ಚು. ಕೆಳಗಿಳಿದಂತೆ ಕಡಿಮೆ. ಟ್ರ್ಯಾಕ್ ಹಿಂದಿನ ಗೋಡೆಗೆ ಏನೂ ಬೇಡ. ಮೊದಲ ಸುತ್ತಿನಲ್ಲಿ ಏನೂ ಬದಲಾದಂತೆ ಕಾಣಬಾರದು. ಕಂಡರೆ ಬಣ್ಣ ದಪ್ಪವಾಯಿತು ಎಂದೇ ಅರ್ಥ. ಮೂರನೇ ಸುತ್ತಿಗೆ ಬೆಳ್ಳಿ ಅಂಚುಗಳೆಲ್ಲ ಮಂಜಿನ ಹಿಂದೆ ಹೋದಂತೆ ಮರೆಯಾಗಿರುತ್ತವೆ. ಹೊಸ ತಾಮ್ರದ ತಂತಿಗೆ, ಅರ ಹಾಕಿದ ಅಂಚಿಗೆ ಮಾತ್ರ ಮೊದಲು ಪ್ರೈಮರ್ ಮುಟ್ಟಿಸಿಕೊಳ್ಳಿ, ಇಲ್ಲದಿದ್ದರೆ ಅಲ್ಲಿ ಬಣ್ಣ ಉಗುರಿಗೇ ಕಿತ್ತು ಬರುತ್ತದೆ. ತಿನ್ನರ್ ಮಾತ್ರ ಅದೇ ಬಣ್ಣದ ಕಂಪನಿಯದ್ದೇ ಇರಲಿ. ಆಲ್ಕೋಹಾಲ್ ಮೂಲದ ಅಕ್ರಿಲಿಕ್ ಬೇರೆ, ನೀರಿನ ಮೂಲದ್ದು ಬೇರೆ. ಎರಡನೆಯದಕ್ಕೆ ಆಲ್ಕೋಹಾಲ್ ಹಾಕಿದರೆ ಏರ್‌ಬ್ರಷ್‌ನ ಬಣ್ಣದ ಕಪ್‌ನೊಳಗೇ ಒಡೆದ ಹಾಲಿನಂತೆ ಗಂಟಾಗುತ್ತದೆ. ಕಿಟಕಿ ತೆರೆದಿರಲಿ, ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಹಾಕಿಕೊಳ್ಳಿ. ಬಟ್ಟೆಯ ಮಾಸ್ಕ್ ತಿನ್ನರ್ ಆವಿಯನ್ನು ತಡೆಯುವುದಿಲ್ಲ.

ಡೆಕಾಲ್ ಮಿಂಚುವುದು ಡೆಕಾಲ್‌ನ ತಪ್ಪಲ್ಲ. ಮ್ಯಾಟ್ ಬಣ್ಣದ ಮೈ ಹತ್ತಿರದಿಂದ ನೋಡಿದರೆ ಉಬ್ಬುತಗ್ಗು. ಆ ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಂಡು ಬೆಳಕನ್ನು ಎಸೆಯುತ್ತದೆ. ಡೆಕಾಲ್‌ಗೆ ಮೊದಲು ಆ ಜಾಗಕ್ಕಾದರೂ ಗ್ಲಾಸ್ ವಾರ್ನಿಶ್ ಬೇಕಿತ್ತು. ಈಗಿರುವುದನ್ನು ಉಳಿಸಿಕೊಳ್ಳಬೇಕೆಂದರೆ ಸೂಜಿಯಿಂದ ಹತ್ತಾರು ಕಡೆ ಚುಚ್ಚಿ ಡೆಕಾಲ್ ಮೆತ್ತಗಾಗಿಸುವ ದ್ರಾವಣ ಬಿಡಿ, ಒಣಗಲಿ, ಮತ್ತೆ ಬಿಡಿ. ನಾನಾದರೆ ಟೇಪಿನಲ್ಲಿ ಕಿತ್ತುಹಾಕುತ್ತೇನೆ. ಸೋವಿಯತ್ ಟ್ಯಾಂಕುಗಳ ಎಷ್ಟೋ ನಂಬರುಗಳನ್ನು ಸೈನಿಕರೇ ಬ್ರಷ್ ಹಿಡಿದು ಬರೆದಿದ್ದರು. ಒಂದು ಅಂಕಿ ಉದ್ದ, ಒಂದು ಗಿಡ್ಡ, ಕಾಲು ಜಾರಿದ ಗೆರೆ. ನೀವೂ ಸಣ್ಣ ಬ್ರಷ್ಷಿನಿಂದ ಬರೆಯಿರಿ. ಶುದ್ಧ ಬಿಳಿ ಬೇಡ, ಬೂದಿ ಬೆರೆತ ಬಿಳಿ. ನಿಮ್ಮ ಕೈ ನಡುಗಿದ್ದು ಇಲ್ಲಿ ಮಾತ್ರ ಗುಣವೆನ್ನಿಸಿಕೊಳ್ಳುತ್ತದೆ.

ಮತ್ತೆ ವಾಶ್ ಮಾಡುವಾಗ ಇಡೀ ಟ್ಯಾಂಕನ್ನು ಮುಳುಗಿಸಬೇಡಿ. ಅದು ಹಳೆಯ ಪದ್ಧತಿ: ಮೈಯೆಲ್ಲ ವಾಶ್, ಮೇಲೆ ಡ್ರೈ ಬ್ರಷ್. ಬೆಲ್ಜಿಯಂನ ಫ್ರಾಂಸ್ವಾ ವರ್ಲಿಂಡನ್ ಅದನ್ನು 1980ರ ದಶಕದಲ್ಲಿ ಎಲ್ಲರ ಕೈಗೂ ತಂದರು, ಆ ಕಾಲಕ್ಕೆ ಅದೇ ಪವಾಡ. ಈಗ ಪಿನ್ ವಾಶ್ ಸಾಕು. ಗಾಢ ಕಂದು ಎನಾಮೆಲ್ ಅಥವಾ ಎಣ್ಣೆ ಬಣ್ಣವನ್ನು ವೈಟ್ ಸ್ಪಿರಿಟ್‌ನಲ್ಲಿ ತೆಳು ಮಾಡಿ, ಬೋಲ್ಟ್ ಬುಡಕ್ಕೆ, ಬೆಸುಗೆಯ ಪಕ್ಕಕ್ಕೆ ಬ್ರಷ್ ತುದಿ ಮುಟ್ಟಿಸಿ. ತಾನಾಗಿಯೇ ಸಂದು ಹಿಡಿದು ಓಡುತ್ತದೆ. ಹದಿನೈದಿಪ್ಪತ್ತು ನಿಮಿಷ ಬಿಟ್ಟು, ಹೆಚ್ಚಾದದ್ದನ್ನು ಒದ್ದೆ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಎಳೆದು ತೆಗೆಯಿರಿ. ಮಳೆನೀರು ಹರಿಯುವುದೂ ಅದೇ ದಿಕ್ಕಿನಲ್ಲಿ. ಕೆಳಗೆ ಅಕ್ರಿಲಿಕ್ ಇರುವುದರಿಂದ ವೈಟ್ ಸ್ಪಿರಿಟ್ ಅದನ್ನು ಕರಗಿಸುವುದಿಲ್ಲ. ಎನಾಮೆಲ್ ಮೇಲೆ ಎನಾಮೆಲ್ ವಾಶ್ ಹಾಕಿ ಇಡೀ ದಿನದ ಕೆಲಸ ಒರೆಸಿಹೋದವರು ಬೇಕಾದಷ್ಟು ಮಂದಿ.

ನನಗೆ ಆದ ಪೆಟ್ಟು ಬೇರೆ ಥರದ್ದು. ಶುರುವಿನ ವರ್ಷಗಳಲ್ಲಿ ಮಾಡಿದ ಒಂದು ಟ್ಯಾಂಕಿಗೆ ವಿನೈಲ್ ಟ್ರ್ಯಾಕನ್ನು ಬಿಗಿಯಾಗಿ ಎಳೆದು ಹಾಕಿದ್ದೆ, ಚೆನ್ನಾಗಿ ಕೂತಿದೆ ಎಂಬ ಹೆಮ್ಮೆ ಬೇರೆ. ರಾತ್ರಿ ಅಡಿಭಾಗಕ್ಕೆ ತೆಳು ವಾಶ್ ಧಾರಾಳವಾಗಿ ಹರಿಸಿ ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಮುಂದಿನ ಚಕ್ರ ಇರುಸಿನ ಸಮೇತ ಮುರಿದು ಮೇಜಿನ ಮೇಲಿತ್ತು, ಟ್ರ್ಯಾಕ್ ನಾಲಿಗೆ ಚಾಚಿದಂತೆ ಮುಂದೆ ಬಿದ್ದಿತ್ತು. ಎಳೆತದಲ್ಲಿರುವ ಪ್ಲಾಸ್ಟಿಕ್ಕಿನ ಕೂಡುಗಳೊಳಗೆ ತಿನ್ನರ್ ಇಳಿದರೆ ಅದು ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಅಂದಿನಿಂದ ಅಡಿಭಾಗಕ್ಕೆ ವಾಶ್ ಕೊಡುವಾಗ ನನ್ನ ಒಂದು ಕೈಯಲ್ಲಿ ಬ್ರಷ್, ಇನ್ನೊಂದರಲ್ಲಿ ಒರೆಸುವ ಕಾಗದ.

ಬಣ್ಣ ಕಿತ್ತ ಗುರುತುಗಳ ಬಗ್ಗೆ: ಬೆಳ್ಳಿ ಬಣ್ಣವನ್ನು ಡಬ್ಬಿಯಲ್ಲೇ ಬಿಡಿ. ಕವಚದ ಉಕ್ಕು ಗಾಳಿಗೆ ತೆರೆದುಕೊಂಡರೆ ಬೇಗನೆ ಕಂದುಕಪ್ಪಿಗೆ ತಿರುಗುತ್ತದೆ. ಗಾಢ ಕಂದಿಗೆ ಚೂರು ಕಪ್ಪು ಸೇರಿಸಿ, ಹರಿದ ಸ್ಪಂಜಿನ ತುಣುಕಿಗೆ ಮುಟ್ಟಿಸಿ, ಮುಕ್ಕಾಲು ಪಾಲನ್ನು ಕಾಗದಕ್ಕೆ ಒತ್ತಿ ತೆಗೆದು, ಉಳಿದದ್ದನ್ನು ಮಾಡೆಲ್‌ಗೆ ತಾಗಿಸಿ. ಎಲ್ಲಿ ತಾಗಿಸಬೇಕು ಎಂಬುದಕ್ಕೆ ಟ್ಯಾಂಕಿನ ಮೇಲೆ ನೀವೇ ಹತ್ತಿ ನೋಡಿ, ಮನಸ್ಸಿನಲ್ಲಿ. ಮಡ್‌ಗಾರ್ಡ್ ಮೇಲೆ ಮೊದಲ ಬೂಟು. ಕೈ ಹಿಡಿಕೆಗೆ. ಎರಡನೇ ಬೂಟು ಹೊರಗಿನ ಇಂಧನ ಸಿಲಿಂಡರ್ ಮೇಲೆ. ಆಮೇಲೆ ಟರೆಟ್ ಪಕ್ಕದ ಎಂಜಿನ್ ತಟ್ಟೆ, ಅಲ್ಲಿ ಏಳೆಂಟು ಜನ ದಿನವಿಡೀ ಕೂತಿರುತ್ತಾರೆ, ಅವರ ಬೂಟು, ಬಂದೂಕಿನ ಹಿಡಿ, ಪೆಟ್ಟಿಗೆ ಎಲ್ಲ ಉಜ್ಜುತ್ತಿರುತ್ತದೆ. ಕಮಾಂಡರ್ ಹ್ಯಾಚಿನ ಅಂಚು. ಚಾಲಕನ ಹ್ಯಾಚಿನ ಕೆಳ ಅಂಚು, ಅದು ಮುಂಭಾಗದಲ್ಲೇ ಇರುವುದರಿಂದ ಇಳಿಯುವಾಗ ಕಾಲು ಅಲ್ಲೇ ತಾಗುವುದು. ಇಷ್ಟು ಕಡೆ ಬಿಟ್ಟರೆ ಬೇರೆಲ್ಲೂ ಕೀಳಲು ಕಾರಣವಿಲ್ಲ. ಟರೆಟ್‌ನ ಪಕ್ಕದ ಗೋಡೆಯ ನಡುಮಧ್ಯೆ ಯಾರ ಬೂಟೂ ಹೋಗುವುದಿಲ್ಲ.

ಟ್ರ್ಯಾಕ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ. ಟಿ-34ರ ಅರ್ಧ ಚಹರೆ ಇರುವುದೇ ಅಲ್ಲಿ, ಅಲ್ಲೇ ಹೆಚ್ಚು ಜನ ಎಡವುವುದು. ಈ ಟ್ಯಾಂಕಿಗೆ ಮೇಲ್ಗಡೆ ಟ್ರ್ಯಾಕನ್ನು ಹೊರುವ ರೋಲರ್‌ಗಳಿಲ್ಲ. ಪ್ರತಿ ಪಕ್ಕ ಐದು ದೊಡ್ಡ ಚಕ್ರ, ಹಿಂದೆ ಟ್ರ್ಯಾಕನ್ನು ಎಳೆಯುವ ಸ್ಪ್ರಾಕೆಟ್ ಚಕ್ರ, ಮುಂದೆ ಸುಮ್ಮನೆ ತಿರುಗುವ ಐಡ್ಲರ್ ಚಕ್ರ. ಮರಳಿ ಬರುವ ಟ್ರ್ಯಾಕ್ ಚಕ್ರಗಳ ನೆತ್ತಿಯ ಮೇಲೇ ಮೈ ಚೆಲ್ಲಿಕೊಂಡು ಸಾಗುತ್ತದೆ, ಚಕ್ರದಿಂದ ಚಕ್ರಕ್ಕೆ ತುಸು ಜೋತುಬಿದ್ದು. ಟ್ಯಾಂಕಿನ ತೂಕ ಕಾಣುತ್ತಿಲ್ಲ ಎಂದಿರಲ್ಲ, ಅರ್ಧ ತೂಕ ಈ ಜೋಲಿನಲ್ಲಿದೆ. ನಿಮ್ಮದು ವಿನೈಲ್ ಪಟ್ಟಿಯಾದರೆ ಅದು ರಬ್ಬರ್ ಬ್ಯಾಂಡಿನಂತೆ ಚಕ್ರಗಳ ಮೇಲೆ ತೇಲುತ್ತಿರುತ್ತದೆ. ಮಡ್‌ಗಾರ್ಡ್ ಮತ್ತು ಟ್ರ್ಯಾಕ್ ನಡುವೆ ಸ್ಪಂಜು ತುರುಕಿ ಕೆಳಕ್ಕೆ ಒತ್ತಿ, ಚಕ್ರ ಮುಟ್ಟುವ ಕಡೆ ಸೂಪರ್ ಗ್ಲೂ ಒಂದು ಚುಕ್ಕೆ ಇಡಿ. ಗಟ್ಟಿಯಾದ ಮೇಲೆ ಸ್ಪಂಜು ತೆಗೆಯಿರಿ.

ಇನ್ನು ಅದರ ಬಣ್ಣ. ಓಡುವ ಟ್ರ್ಯಾಕ್ ಕಿತ್ತಳೆ ತುಕ್ಕಿನಲ್ಲಿ ಮುಳುಗಿರುವುದಿಲ್ಲ, ತಿಂಗಳುಗಟ್ಟಲೆ ನಿಂತ ಟ್ಯಾಂಕಿನದ್ದು ಮಾತ್ರ ಹಾಗೆ. ಬುಡದ ಬಣ್ಣ ಗಾಢ ಕಂದು ಬೂದಿ, ಮೇಲೆ ಮಣ್ಣಿನ ಬಣ್ಣದ ವಾಶ್. ನೆಲ ತಾಗುವ ಉಬ್ಬುಗಳು ಉಜ್ಜಿ ಉಜ್ಜಿ ಹೊಳೆಯುತ್ತವೆ, ಬೆಳ್ಳಿ ಬಣ್ಣ ಬೇಕೇ ಬೇಕು ಅನ್ನಿಸಿದರೆ ಅದಕ್ಕೆ ಇಲ್ಲೊಂದೇ ಕಡೆ ಅವಕಾಶ. ಅದಕ್ಕಿಂತ ಮೆತ್ತನೆ ಪೆನ್ಸಿಲ್ಲಿನ ಸೀಸದ ಪುಡಿಯನ್ನು ಬೆರಳಿನಿಂದ ಉಜ್ಜಿದರೆ ಇನ್ನೂ ಚೆನ್ನ, ಕಬ್ಬಿಣದ ಕಪ್ಪು ಹೊಳಪು ಬರುತ್ತದೆ. ಸ್ಪ್ರಾಕೆಟ್‌ನ ಹಲ್ಲಿಗೆ ಹೊಳಪು ಕೊಡಿ ಎಂದು ಎಲ್ಲ ಕಡೆ ಓದಿರುತ್ತೀರಿ. ಟಿ-34ರ ಸ್ಪ್ರಾಕೆಟ್‌ಗೆ ಅಂಥ ಹಲ್ಲೇ ಇಲ್ಲ. ಎರಡು ತಟ್ಟೆಗಳ ನಡುವೆ ಇರುವ ರೋಲರ್‌ಗಳು ಟ್ರ್ಯಾಕ್‌ನ ಒಳಗಿನ ಕೊಂಬುಗಳನ್ನು ಹಿಡಿದು ಎಳೆಯುತ್ತವೆ. ಆದ್ದರಿಂದ ಹೊಳಪು ಬರಬೇಕಾದದ್ದು ಆ ರೋಲರ್‌ಗಳಿಗೆ, ಕೊಂಬುಗಳ ಪಕ್ಕಕ್ಕೆ, ಮತ್ತು ಜೋಡಿಚಕ್ರಗಳ ನಡುವೆ ಕೊಂಬು ಉಜ್ಜುವ ಒಳಮೈಗೆ. ಚಕ್ರದ ರಬ್ಬರ್ ಟೈರಿಗೆ ಕಪ್ಪು ಬೇಡ, ಗಾಢ ಬೂದಿ. ರಬ್ಬರಿಗೆ ಬೆಳ್ಳಿಯ ಗೀರು ಹಾಕಿದ ಮಾಡೆಲ್‌ಗಳನ್ನೂ ನೋಡಿದ್ದೇನೆ, ದೇವರೇ ಕಾಪಾಡಬೇಕು.

ತುಕ್ಕು, ಎಣ್ಣೆ, ಧೂಳು: ಇವನ್ನು ಹಾಕುವ ಮೊದಲು ನಿಮ್ಮ ಟ್ಯಾಂಕ್ ಎಲ್ಲಿದೆ, ಯಾವ ತಿಂಗಳು ಎಂದು ನಿರ್ಧರಿಸಿ. ಯುದ್ಧದ ಟಿ-34ಗಳಲ್ಲಿ ಎಷ್ಟೋ ತಿಂಗಳುಗಳಷ್ಟೇ ಬದುಕಿದವು. ಕವಚ ತುಕ್ಕು ತಿನ್ನುವಷ್ಟು ಆಯಸ್ಸೇ ಅವಕ್ಕಿರಲಿಲ್ಲ. ತುಕ್ಕು ಬೇಕಾದದ್ದು ಹಿಂದಿನ ಎರಡು ಹೊಗೆ ಕೊಳವೆಗಳಿಗೆ, ಶಾಖಕ್ಕೆ ಅಲ್ಲಿ ಬಣ್ಣ ಸುಟ್ಟುಹೋಗಿರುತ್ತದೆ. ಎಂಜಿನ್ ಡೀಸೆಲ್‌ನದ್ದು, ಹಾಗಾಗಿ ಕೊಳವೆಯ ಬಾಯಿಯ ಸುತ್ತ ಒಣ ಕಪ್ಪು ಮಸಿ. ಇಂಧನ ಸಿಲಿಂಡರ್‌ಗಳ ಮುಚ್ಚಳದ ಕೆಳಗೆ ಹೊಳಪುಳ್ಳ ಗಾಢ ಕಲೆ, ಎರಡು ಗೆರೆ ಇಳಿದಿರಲಿ.

ನಾನಾದರೆ 1945ರ ವಸಂತದ ಬರ್ಲಿನ್ ಆರಿಸುತ್ತೇನೆ. ಆಕಾಶದಲ್ಲಿರುವ ವಿಮಾನಗಳಿಗೆ ಗುರುತು ಸಿಗಲೆಂದು ಆಗ ಟರೆಟ್ ಸುತ್ತ ಬಿಳಿ ಪಟ್ಟಿ, ಛಾವಣಿಯ ಮೇಲೆ ಬಿಳಿ ಅಡ್ಡಗೆರೆಗಳು ಬಳಿದಿದ್ದವು. ಬಿದ್ದ ಕಟ್ಟಡಗಳ ಊರಿನಲ್ಲಿ ಓಡಾಡಿದ ಟ್ಯಾಂಕಿನ ಮೇಲೆ ಹೊಲದ ಕೆಸರಲ್ಲ, ಗಾರೆಯ ಬೂದು ಧೂಳು, ನಡುವೆ ಇಟ್ಟಿಗೆಯ ಕೆಂಪು. ತಿಳಿ ಬೂದಿ ಪಿಗ್ಮೆಂಟಿಗೆ (ಬಣ್ಣದ ಒಣ ಪುಡಿ) ಹತ್ತರಲ್ಲೊಂದು ಪಾಲು ಇಟ್ಟಿಗೆ ಬಣ್ಣ ಬೆರೆಸಿ, ಒಣ ಬ್ರಷ್ಷಿನಿಂದ ಮೂಲೆಗಳಿಗೆ ಉದುರಿಸಿ, ಪಿಪೆಟ್ಟಿನಿಂದ ವೈಟ್ ಸ್ಪಿರಿಟ್ ಒಂದೊಂದೇ ಹನಿ ಬಿಟ್ಟು ಕೂರಿಸಿ. ಒದ್ದೆಯಾದಾಗ ಮಾಯವಾದಂತೆ ಕಾಣುತ್ತದೆ, ಗಾಬರಿಯಾಗಿ ಇನ್ನಷ್ಟು ಸುರಿಯಬೇಡಿ. ಒಣಗಿದ ಮೇಲೆ ವಾಪಸು ಬರುತ್ತದೆ, ಅಂದುಕೊಂಡದ್ದಕ್ಕಿಂತ ಹೆಚ್ಚಾಗಿಯೇ.

ಹಿತ್ತಾಳೆಯ ಸೆಟ್ ಬಗ್ಗೆ ಕೇಳಿದ್ದಿರಿ. ಅದರಲ್ಲಿರುವ ನೂರು ತುಣುಕುಗಳಲ್ಲಿ ತೊಂಬತ್ತು ಪ್ಲಾಸ್ಟಿಕ್ಕಿನಲ್ಲೇ ಚೆನ್ನಾಗಿರುತ್ತವೆ. ಹಿಂಭಾಗದ ಎಂಜಿನ್ ತಟ್ಟೆಯ ಮೇಲೆ ಗಾಳಿ ಹೊರಹೋಗುವ ಕಡೆ ಒಂದು ತಂತಿ ಜಾಲರಿ ಇದೆ ನೋಡಿ, ಅದೊಂದನ್ನು ಪ್ಲಾಸ್ಟಿಕ್ಕಿನಲ್ಲಿ ತೋರಿಸಲು ಆಗುವುದಿಲ್ಲ. ಬಿಡಿಯಾಗಿ ಸಿಕ್ಕರೆ ಆ ಜಾಲರಿಯನ್ನಷ್ಟೇ ತರಿಸಿ. ಬಗ್ಗಿಸುವ ಮೊದಲು ಜ್ವಾಲೆಯ ಮೇಲೆ ಮಂಕು ಕೆಂಪಾಗುವವರೆಗೆ ಕಾಯಿಸಿ ಆರಲು ಬಿಡಿ, ಹಿತ್ತಾಳೆ ಮೆತ್ತಗಾಗಿ ಹೇಳಿದಂತೆ ಕೇಳುತ್ತದೆ. ಅಂಟಿಸುವ ಮೊದಲು ಅದರ ಕೆಳಗಿನ ಗುಂಡಿಗೆ ಕಪ್ಪು ಬಣ್ಣ ಹೊಡೆಯುವುದನ್ನು ಮರೆಯಬೇಡಿ, ನಾನು ಎರಡು ಸಲ ಮರೆತಿದ್ದೇನೆ.